ಕಂತಿನ ಮಾತಿಗೆ ಮೊದಲು ಮನೆಯ ಲೆಕ್ಕ: ಸಾಲ ವಸೂಲಿಗಾರರ ಜೊತೆ ಮಾತುಕತೆಗೆ ಸಿದ್ಧರಾಗುವ ಬಗೆ

ಸಾಲ ವಸೂಲಿಗೆ ಬಂದವರ ಎದುರು ಕುಳಿತಾಗ ಬಹಳಷ್ಟು ಮನೆಗಳಲ್ಲಿ ಮಾತು ಒಂದೇ ರೀತಿ ಸಾಗುತ್ತದೆ. ಅವರು ಒಂದು ಮೊತ್ತ ಹೇಳುತ್ತಾರೆ, ಮನೆಯವರು ಅದಕ್ಕಿಂತ ಕಡಿಮೆ ಹೇಳುತ್ತಾರೆ, ಸಂತೆಯ ಚೌಕಾಸಿಯಂತೆ ನಡುವಿನ ಯಾವುದೋ ಅಂಕಿಯಲ್ಲಿ ಮಾತು ನಿಲ್ಲುತ್ತದೆ. ಆ ಅಂಕಿಗೂ ಮನೆಯ ಒಲೆಗೂ ಸಂಬಂಧವೇ ಇರುವುದಿಲ್ಲವಾದ್ದರಿಂದ ಎರಡನೆಯ ತಿಂಗಳಿಗೇ ಅದು ತಪ್ಪುತ್ತದೆ, ತಪ್ಪಿದ ಮೇಲೆ ಮನೆಯವರ ಮಾತನ್ನು ಯಾರೂ ನಂಬುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಸಂಘದ ಸಾಲ, ಫೈನಾನ್ಸ್ ಸಾಲ, ಬೀಜ-ಗೊಬ್ಬರದಂಗಡಿಯ ಉದ್ರಿ ಎಲ್ಲವನ್ನೂ ಒಟ್ಟಿಗೆ ಹೊತ್ತಿರುವ ಕುಟುಂಬಗಳಿಗಾಗಿ ಈ ಕ್ರಮವನ್ನು ತಿರುವುಮುರುವು ಮಾಡಿ ಇಲ್ಲಿ ವಿವರಿಸಲಾಗಿದೆ. ಮೊದಲು ಬದುಕಿನ ಖರ್ಚನ್ನು ತೆಗೆದಿಡಬೇಕು, ನಂತರ ಉಳಿಯುವುದೆಷ್ಟು ಎಂದು ನೋಡಬೇಕು, ಉಳಿದದ್ದನ್ನು ಮಾತ್ರ ಕಂತಿನ ಮಾತಿಗೆ ತರಬೇಕು.

ಸಾಲಗಳನ್ನು ಒಂದೇ ಹಾಳೆಗೆ ಇಳಿಸುವುದು

ಮನೆಯಲ್ಲಿರುವ ಎಲ್ಲ ಸಾಲದ ಕಾರ್ಡು, ಪಾಸ್‌ಬುಕ್, ರಸೀದಿಗಳನ್ನು ಹೊರಗೆ ತೆಗೆದು, ಪ್ರತಿಯೊಂದು ಸಾಲಕ್ಕೂ ಕೊಟ್ಟವರ ಹೆಸರು, ಪಡೆದ ಮೊತ್ತ, ಬಾಕಿ ಇರುವ ಅಸಲು, ವಾರದ ಅಥವಾ ತಿಂಗಳ ಕಂತು, ತಪ್ಪಿದ ಕಂತುಗಳು ಮತ್ತು ಒತ್ತೆಯಿಟ್ಟ ವಸ್ತು ಯಾವುದು ಎಂಬುದನ್ನು ಬರೆಯಿರಿ. ವಾರದ ಕಂತನ್ನು ತಿಂಗಳಿಗೆ ಪರಿವರ್ತಿಸುವಾಗ ನಾಲ್ಕರಿಂದ ಗುಣಿಸಬೇಡಿ, ವರ್ಷಕ್ಕೆ ಐವತ್ತೆರಡು ವಾರಗಳಿರುವುದರಿಂದ 52ರಿಂದ ಗುಣಿಸಿ 12ರಿಂದ ಭಾಗಿಸಬೇಕು. 650 ರೂಪಾಯಿಯ ವಾರದ ಕಂತು ಹೀಗೆ ಲೆಕ್ಕ ಹಾಕಿದರೆ ತಿಂಗಳಿಗೆ 2,600 ಆಗದೆ ಸುಮಾರು 2,817 ರೂಪಾಯಿ ಆಗುತ್ತದೆ.

ನಿಮ್ಮ ಹೆಸರಿನಲ್ಲಿ ಪಡೆದು ಬೇರೆಯವರ ಕೈಗೆ ಕೊಟ್ಟ ಸಾಲವನ್ನೂ ಮುಚ್ಚಿಡದೆ ಇದೇ ಪಟ್ಟಿಯಲ್ಲಿ ಬರೆಯಬೇಕು. ನೆಂಟರಿಗೋ ನೆರೆಯವರಿಗೋ ಹೆಸರು ಕೊಟ್ಟು ಎತ್ತಿಸಿಕೊಟ್ಟ ಸಾಲ ನಮ್ಮ ಭಾಗದ ಸಂಘಗಳಲ್ಲಿ ಅಪರೂಪವಲ್ಲ, ಕಾಗದದ ಪ್ರಕಾರ ಅದನ್ನು ತೀರಿಸಬೇಕಾದವರು ಮಾತ್ರ ನೀವೇ. ಯಾವ ಸಾಲಗಳು ನಿಮ್ಮ ಹೆಸರಿನಲ್ಲಿವೆ ಎಂಬ ಗೊಂದಲವಿದ್ದರೆ ಸಿಬಿಲ್, ಕ್ರಿಫ್ ಹೈಮಾರ್ಕ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಎಂಬ, ಎಲ್ಲರ ಸಾಲದ ದಾಖಲೆ ಇಡುವ ನಾಲ್ಕು ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಸಾಲದ ವರದಿಯನ್ನು ಉಚಿತವಾಗಿ ಪಡೆಯಬಹುದು.

ಹನ್ನೆರಡು ತಿಂಗಳ ಆದಾಯ

ನೌಕರಿಯವರ ಬಜೆಟ್ ಒಂದು ತಿಂಗಳ ಲೆಕ್ಕದಲ್ಲಿ ಮುಗಿಯುತ್ತದೆ. ತುಂಗಭದ್ರಾ ಕಾಲುವೆಯ ನೀರು, ಭತ್ತದ ಸುಗ್ಗಿ, ಹತ್ತಿ ಬಿಡಿಸುವ ಕೂಲಿ, ಬಳ್ಳಾರಿಯ ಜೀನ್ಸ್ ಹೊಲಿಗೆ ಇಂಥವನ್ನು ನೆಚ್ಚಿ ಬದುಕುವ ಮನೆಗೆ ಹನ್ನೆರಡು ತಿಂಗಳನ್ನೂ ಬೇರೆ ಬೇರೆಯಾಗಿ ಬರೆಯದೆ ಸತ್ಯ ಕಾಣುವುದಿಲ್ಲ. ವಸೂಲಿಗಾರರು ಡಿಸೆಂಬರಿನಲ್ಲಿ ಬಂದರೆ ಕೈಯಲ್ಲಿ ನಾಲ್ಕು ಕಾಸಿರುವ ಕಾರಣ ದೊಡ್ಡ ಕಂತಿಗೆ ಒಪ್ಪಿಬಿಡುತ್ತೇವೆ. ಅದೇ ಕಂತು ಜೂನ್‌ನಲ್ಲಿ, ನಾಟಿಗೆ ಮೊದಲಿನ ಬರಿಗೈ ದಿನಗಳಲ್ಲಿ, ಕುತ್ತಿಗೆಗೆ ಬರುತ್ತದೆ.

ಸಿಂಧನೂರು ಕಡೆಯ ಒಂದು ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹೆಂಡತಿ ಹೊಲದ ಕೂಲಿಗೆ ಹೋಗುತ್ತಾಳೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಬಿಪಿ-ಸಕ್ಕರೆ ಕಾಯಿಲೆಯ ಅತ್ತೆಯೂ ಜೊತೆಗಿದ್ದಾಳೆ. ನವೆಂಬರ್‌ನಿಂದ ಜನವರಿಯವರೆಗೆ ಮತ್ತು ಏಪ್ರಿಲ್-ಮೇ ತಿಂಗಳುಗಳಲ್ಲಿ, ಅಂದರೆ ಐದು ತಿಂಗಳು, ಗಂಡನಿಗೆ ತಲಾ 15,000 ರೂಪಾಯಿ ಸಿಕ್ಕರೆ ಉಳಿದ ಏಳು ತಿಂಗಳು ತಲಾ 9,000 ಸಿಗುತ್ತದೆ, ವರ್ಷಕ್ಕೆ 1,38,000 ಆಯಿತು. ನಾಟಿ ಹಾಗೂ ಹತ್ತಿ ಬಿಡಿಸುವ ನಾಲ್ಕು ತಿಂಗಳು ಹೆಂಡತಿಗೆ 6,000ದಂತೆ, ಉಳಿದ ಎಂಟು ತಿಂಗಳು 2,000ದಂತೆ, ಒಟ್ಟು 40,000 ಬರುತ್ತದೆ. ಗೃಹಲಕ್ಷ್ಮಿಯ ತಿಂಗಳ 2,000 ಸೇರಿದರೆ ವರ್ಷಕ್ಕೆ 24,000. ಮೂರೂ ಕೂಡಿ 2,02,000 ರೂಪಾಯಿ, ತಿಂಗಳ ಸರಾಸರಿ 16,833.

ಗೃಹಲಕ್ಷ್ಮಿಯ ಹಣವನ್ನು ಪ್ರತ್ಯೇಕ ಸಾಲಿನಲ್ಲಿಯೇ ಬರೆಯಿರಿ. ಅದು ಬರುತ್ತದೆ, ಆದರೆ ಕಂತಿನ ದಿನಕ್ಕೆ ಸರಿಯಾಗಿ ಬರುತ್ತದೆಂದು ನಂಬಿ ಮಾತು ಕೊಡುವಂತಿಲ್ಲ. ಗುಳೆ ಹೋದರೆ ಸಿಗಬಹುದಾದ ಹಣವನ್ನು, ಬೆಂಗಳೂರಿನಲ್ಲಿ ಕೆಲಸ ಸಿಕ್ಕು ಕೈಗೆ ಬರುವವರೆಗೂ, ಆದಾಯವೆಂದು ಬರೆಯಲೇಬಾರದು.

ಖರ್ಚಿನ ಲೆಕ್ಕದಲ್ಲಿ ನಾಚಿಕೆ ಬೇಡ

ಈ ಹಂತದಲ್ಲಿ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಸಾಲಗಾರರೆಂಬ ಸಂಕೋಚದಿಂದ ಹಾಲು, ಮೊಟ್ಟೆ, ಮಕ್ಕಳ ಬಸ್ಸಿನ ಖರ್ಚನ್ನು ಬಿಟ್ಟು ಬರೆಯುವುದು ಒಂದು ಬಗೆ, ತಿಂಗಳು ತಿಂಗಳು ಬಾರದ ಖರ್ಚನ್ನು ಮರೆಯುವುದು ಇನ್ನೊಂದು ಬಗೆ. ಮೊದಲನೆಯದರಿಂದ ಹಾಳೆಯ ಮೇಲೆ ಉಳಿತಾಯ ಹೆಚ್ಚಾಗಿ ಕಾಣುತ್ತದೆ, ಅಷ್ಟೇ. ಮನೆಯಲ್ಲಿ ಹಾಲು ನಿಲ್ಲುವುದಿಲ್ಲ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಫೈನಾನ್ಸ್ ಕಂತು ಕಟ್ಟಲು ಅಂಗಡಿಯಲ್ಲಿ ಉದ್ರಿ ಮಾಡುವುದೂ ಸಾಲವೇ.

ಅಂದಾಜಿನಿಂದ ಬರೆಯುವುದಕ್ಕಿಂತ ಒಂದು ಪೂರ್ತಿ ತಿಂಗಳು, ಸಂಜೆ ಒಲೆ ಹೊತ್ತಿಸುವ ಮುನ್ನ, ಆ ದಿನ ಹೊರಹೋದ ಪ್ರತಿ ರೂಪಾಯಿಯನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಸಿಡುವುದು ಉತ್ತಮ. ಬರೆಯುವ ಕೆಲಸ ಶಾಲೆಗೆ ಹೋಗುವ ಮಗಳದೇ ಆಗಲಿ, ತಂದೆಯ ಎಲೆ-ಅಡಿಕೆ, ಗುಟ್ಕಾದ ಖರ್ಚನ್ನು ಅವಳು ಬಿಡದೆ ಬರೆಯುತ್ತಾಳೆ. ಪಡಿತರದಲ್ಲಿ ಅಕ್ಕಿ ಸಿಗುವ ಮನೆಯಲ್ಲಿಯೂ ರೊಟ್ಟಿಯ ಜೋಳ, ತೊಗರಿಬೇಳೆ, ಶೇಂಗಾ, ಎಣ್ಣೆ, ಕಾರ, ಸೋಪು ಕೊಳ್ಳಲೇಬೇಕು; ಅಕ್ಕಿ ಬಂತೆಂದ ಮಾತ್ರಕ್ಕೆ ಊಟದ ಖರ್ಚು ಮುಗಿಯಿತೆಂದು ಯಾರಾದರೂ ವಾದಿಸಿದರೆ ಈ ಪುಸ್ತಕವೇ ಉತ್ತರ. ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದ್ದರಿಂದ ಹೆಂಡತಿಯ ಸಂಚಾರದ ಖರ್ಚನ್ನು ಬರೆಯಬೇಡಿ, ಗಂಡನ ಬೈಕಿನ ಪೆಟ್ರೋಲನ್ನು ಬರೆಯಿರಿ. ಗೃಹಜ್ಯೋತಿಯಲ್ಲಿ ಬಿಲ್ ಶೂನ್ಯ ಬರುತ್ತಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಶೂನ್ಯವೆಂದೇ ತೋರಿಸಿ. ಖರ್ಚಿಲ್ಲದ ಕಡೆ ಖರ್ಚು ತೋರಿಸಿದ್ದು ಒಂದು ಸಿಕ್ಕಿಬಿದ್ದರೆ ಇಡೀ ಹಾಳೆಯ ಬೆಲೆ ಹೋಗುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ಊಟ-ದಿನಸಿಗೆ 6,000, ಗ್ಯಾಸ್ ಮತ್ತು ಕುಡಿಯುವ ನೀರಿಗೆ 1,100, ಅತ್ತೆಯ ಔಷಧಿಗೆ 900, ಮಕ್ಕಳ ಶಾಲೆಗೆ 1,000, ಎರಡು ಮೊಬೈಲ್ ರೀಚಾರ್ಜಿಗೆ 500, ಪೆಟ್ರೋಲಿಗೆ 700, ಒಟ್ಟು 10,200 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳೋಣ. ಇದರ ಮೇಲೆ ವರ್ಷಕ್ಕೊಮ್ಮೆ ಎರಗುವ ಖರ್ಚುಗಳಿವೆ: ಜೂನ್‌ನ ಶಾಲೆ ಆರಂಭ, ಉಗಾದಿ-ಮೊಹರಂ-ಜಾತ್ರೆಯ ಬಟ್ಟೆಬರೆ, ಮಳೆಗಾಲಕ್ಕೆ ಮುಂಚಿನ ಮಾಳಿಗೆ ದುರಸ್ತಿ, ಮದುವೆಗಳ ಮುಯ್ಯಿ. ಮುಯ್ಯಿ ಆಡಂಬರದ ಖರ್ಚಲ್ಲ. ನಾಳೆ ನಮ್ಮ ಮನೆಯ ಮದುವೆಗೆ ಮರಳಿ ಬರುವ ಹಣ ಅದು, ಬಿಟ್ಟರೆ ಊರಿನಲ್ಲಿ ಮುಖ ತೋರಿಸುವುದು ಕಷ್ಟ. ಮೊತ್ತವನ್ನು ತಗ್ಗಿಸಬಹುದೇ ಹೊರತು ಸೊನ್ನೆ ಮಾಡಲಾಗದು. ಇವೆಲ್ಲಕ್ಕೆ ವರ್ಷಕ್ಕೆ 18,000 ಹಿಡಿದರೆ ತಿಂಗಳಿಗೆ 1,500 ಆಯಿತು. ಕೊನೆಗೆ ಜ್ವರ, ಗಾಯ, ತಡವಾದ ಕೂಲಿಗಾಗಿ 800 ರೂಪಾಯಿಯನ್ನು ಆಪತ್ತಿನ ಹಣವೆಂದು ಸೇರಿಸಿ. ಹೀಗೆ ತಿಂಗಳ ಒಟ್ಟು ಖರ್ಚು 12,500 ರೂಪಾಯಿ.

ಇಷ್ಟು ಬರೆದ ಮೇಲೆ ಕಡಿತಕ್ಕೆ ಕೈ ಹಾಕಬಹುದು, ಆದರೆ ಔಷಧಿ, ಮಕ್ಕಳ ಶಾಲೆ, ದುಡಿಮೆಗೆ ಬೇಕಾದ ಫೋನು-ಬೈಕು ಇವುಗಳನ್ನು ಮುಟ್ಟಬಾರದು. ಮಗನನ್ನು ಶಾಲೆ ಬಿಡಿಸಿ ಕೂಲಿಗೆ ಕಳಿಸಿ ಕಟ್ಟಿದ ಕಂತನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಉಳಿದದ್ದೆಷ್ಟು, ಯಾರಿಗೆಷ್ಟು

ವರ್ಷದ ಆದಾಯ 2,02,000ದಿಂದ ವರ್ಷದ ಖರ್ಚು 1,50,000ವನ್ನು ಕಳೆದರೆ 52,000 ರೂಪಾಯಿ, ಅಂದರೆ ತಿಂಗಳಿಗೆ 4,333 ಉಳಿಯುತ್ತದೆ. ಈ ಮನೆಯ ಮೇಲೆ ಮೂರು ಸಾಲಗಳಿದ್ದು, ತಿಂಗಳಿಗೆ 2,600, 2,100 ಮತ್ತು ಮೊದಲು ಹೇಳಿದ ವಾರದ ಕಂತಿನ 2,817 ಸೇರಿ 7,517 ರೂಪಾಯಿ ಕಟ್ಟಬೇಕಾಗಿದೆ. ಹೇಗೆ ತಿರುಚಿದರೂ ಇದು ಸರಿದೂಗುವುದಿಲ್ಲ.

ಗಮನಿಸಬೇಕಾದ ಸಂಗತಿಯೊಂದಿದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ವರ್ಷಕ್ಕೆ ಮೂರು ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಅಂಥ ಕುಟುಂಬದ ಎಲ್ಲ ಸಾಲಗಳ ಕಂತುಗಳು ಒಟ್ಟಾಗಿ ತಿಂಗಳ ಆದಾಯದ ಶೇಕಡ 50ನ್ನು ಮೀರಬಾರದು. ನಮ್ಮ ಉದಾಹರಣೆಯ ಮನೆಯ ಆದಾಯದ ಅರ್ಧ 8,416 ಆಗುವುದರಿಂದ 7,517 ರೂಪಾಯಿಯ ಕಂತು ನಿಯಮದೊಳಗೇ ಇದೆ. ಹೀಗಿದ್ದೂ ಆ ಮನೆಗೆ ಕಟ್ಟಲಾಗುತ್ತಿಲ್ಲ. ಶೇಕಡ 50 ಎಂಬುದು ಸಾಲ ಕೊಡುವವರು ದಾಟಬಾರದ ಗೆರೆಯೇ ಹೊರತು ಬಡ ಕುಟುಂಬ ಹೊರಬಲ್ಲ ಭಾರದ ಅಳತೆಯಲ್ಲ. ‘ನಿಮ್ಮ ಆದಾಯದ ಅರ್ಧಕ್ಕಿಂತ ಕಡಿಮೆಯೇ ಇದೆಯಲ್ಲ’ ಎಂದು ಯಾರಾದರೂ ಹೇಳಿದರೆ ಖರ್ಚಿನ ಹಾಳೆಯನ್ನು ಮುಂದಿಡಿ.

ಕೊಡಬಲ್ಲ ಹಣವನ್ನು ಹೆಚ್ಚು ಕೂಗುವವರಿಗೆ ಮೊದಲು ಕೊಡುವುದು ಸಾಮಾನ್ಯ ರೂಢಿ, ಮತ್ತು ಅದು ಕೆಟ್ಟ ರೂಢಿ. 4,333ರಲ್ಲಿ ಸ್ವಲ್ಪ ಅಂತರ ಉಳಿಸಿಕೊಂಡು 4,000 ರೂಪಾಯಿಯನ್ನು ಮೂವರಿಗೂ ಅವರವರ ಕಂತಿನ ಪ್ರಮಾಣದಲ್ಲಿ ಹಂಚಿದರೆ ಮೊದಲನೆಯವರಿಗೆ 1,400, ಎರಡನೆಯವರಿಗೆ 1,100, ಮೂರನೆಯವರಿಗೆ 1,500 ಬರುತ್ತದೆ. ಎಲ್ಲರಿಗೂ ಒಂದೇ ಹಾಳೆ, ಒಂದೇ ಅಳತೆ ಎಂದು ತೋರಿಸಲು ಸಾಧ್ಯವಾದಾಗ ಒಬ್ಬರ ಮೇಲೊಬ್ಬರು ಒತ್ತಡ ತರುವುದಕ್ಕೆ ಆಸ್ಪದ ಕಡಿಮೆ. ಒತ್ತೆ ಇರುವ ಸಾಲ ಮಾತ್ರ ಬೇರೆ: ಚಿನ್ನ ಹರಾಜಿಗೆ ಬರುವಂತಿದ್ದರೆ, ಅಥವಾ ದುಡಿಮೆಯ ಆಟೋವನ್ನೇ ಎಳೆದೊಯ್ಯುವಂತಿದ್ದರೆ, ಆ ಕಂತನ್ನು ಬದುಕಿನ ಖರ್ಚಿನ ಜೊತೆಗೆ ಮೇಲೆಯೇ ಬರೆದು ಉಳಿದದ್ದನ್ನು ಹಂಚಬೇಕು.

ಸುಗ್ಗಿಯ ತಿಂಗಳಲ್ಲಿ ಈ ಮನೆಗೆ 4,000ಕ್ಕಿಂತ ಹೆಚ್ಚು ಉಳಿಯುತ್ತದೆ, ಬರಿಗೈ ತಿಂಗಳಲ್ಲಿ 9,000, 2,000 ಮತ್ತು ಗೃಹಲಕ್ಷ್ಮಿಯ 2,000 ಸೇರಿ 13,000 ಬಂದರೆ ಖರ್ಚು ಕಳೆದು ಉಳಿಯುವುದು 500 ಮಾತ್ರ. ಸುಗ್ಗಿಗೆ ಹೆಚ್ಚು, ಬರಿಗೈ ತಿಂಗಳಿಗೆ ಕಡಿಮೆ ಎಂಬ ಕಂತನ್ನು ಕೇಳಬಹುದು. ಆದರೂ ಸಂಸ್ಥೆಗಳು ಸಮ ಕಂತಿಗೆ ಒಗ್ಗಿಕೊಂಡಿರುವುದರಿಂದ ವರ್ಷವಿಡೀ ಒಂದೇ ಮೊತ್ತವನ್ನು ಒಪ್ಪಿಸಿ, ಸುಗ್ಗಿಯ ಹೆಚ್ಚುವರಿಯನ್ನು ಅಂಚೆ ಕಚೇರಿಯ ಖಾತೆಯಲ್ಲಿಟ್ಟು ಜೂನ್-ಜುಲೈಗೆ ತೆಗೆಯುವುದೇ ನನಗೆ ಹೆಚ್ಚು ಗಟ್ಟಿಯಾದ ದಾರಿ ಎನಿಸುತ್ತದೆ. ಕಂತು ತಾನಾಗಿ ಕಡಿತವಾಗುವ ಬ್ಯಾಂಕ್ ಖಾತೆಯಲ್ಲಿ ಈ ಹಣವನ್ನು ಇಡಬಾರದು.

ಸಂಘದ ಇತರ ಸದಸ್ಯರು

ಗುಂಪು ಸಾಲದಲ್ಲಿ ನಿಜವಾದ ಒತ್ತಡ ಬರುವುದು ಎಷ್ಟೋ ಸಲ ಸಂಸ್ಥೆಯಿಂದಲ್ಲ, ಪಕ್ಕದ ಮನೆಯಿಂದ. ನಿಮ್ಮ ಕಂತು ತಪ್ಪಿದರೆ ಉಳಿದ ಹೆಂಗಸರಿಂದ ತುಂಬಿಸಿಕೊಳ್ಳುವ ಪದ್ಧತಿ ಇರುವುದರಿಂದ ಮಾತುಕತೆಯ ಹಾಳೆಯನ್ನು ಮೊದಲು ಅವರಿಗೇ ತೋರಿಸುವುದು ಒಳಿತು. ಕಂತಿನ ದಿನ ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋದವಳ ಮೇಲೆ ಇರುವ ಸಿಟ್ಟು, ಒಂದು ವಾರ ಮೊದಲೇ ಬಂದು ಲೆಕ್ಕ ಹೇಳಿದವಳ ಮೇಲೆ ಇರುವುದಿಲ್ಲ.

ಮಾತುಕತೆ

ಮನೆಗೆ ಬರುವ ಹುಡುಗನಿಗೆ ಕಂತು ತಗ್ಗಿಸುವ ಅಧಿಕಾರವಿರುವುದಿಲ್ಲ. ಆ ದಿನದ ವಸೂಲಿ ಮೊತ್ತವನ್ನು ಶಾಖೆಗೆ ಒಪ್ಪಿಸುವುದಷ್ಟೇ ಅವನ ಕೆಲಸ. ಆದ್ದರಿಂದ ಅವನೊಡನೆ ವಾದಿಸುವ ಬದಲು ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಬೇಕು. ತೊಂದರೆಯಲ್ಲಿರುವ ಸಾಲಗಾರರನ್ನು ಗುರುತಿಸಿ, ಅವರೊಡನೆ ಮಾತನಾಡಿ, ಇರುವ ದಾರಿಗಳನ್ನು ತಿಳಿಸುವ ವ್ಯವಸ್ಥೆ ಇರಬೇಕೆಂದು ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲ ಕೊಡುವ ಸಂಸ್ಥೆಗಳಿಗೆ ಸೂಚಿಸಿದೆ. ಮನವಿಯಲ್ಲಿ ಇದನ್ನು ನೆನಪಿಸಬಹುದು. ಮನವಿ ಹೀಗಿರಲಿ:

‘ಮಾನ್ಯರೇ, ನಿಮ್ಮ ಶಾಖೆಯಿಂದ ಪಡೆದ ಸಾಲವನ್ನು ತೀರಿಸುವ ಮನಸ್ಸು ನನಗಿದೆ. ಕುಟುಂಬದ ವರ್ಷದ ಆದಾಯ, ಅಗತ್ಯ ಖರ್ಚು ಮತ್ತು ಇತರ ಸಾಲಗಳ ವಿವರವನ್ನು ಲಗತ್ತಿಸಿದ್ದೇನೆ. ಇದರ ಪ್ರಕಾರ ಪ್ರತಿ ತಿಂಗಳ 10ನೇ ತಾರೀಖಿನೊಳಗೆ 1,400 ರೂಪಾಯಿ ಕಟ್ಟಲು ನನಗೆ ಸಾಧ್ಯ. ಅದಕ್ಕೆ ತಕ್ಕಂತೆ ಸಾಲದ ಅವಧಿಯನ್ನು ವಿಸ್ತರಿಸಿ, ಹೊಸ ಕಂತಿನ ಪಟ್ಟಿಯನ್ನು ಲಿಖಿತವಾಗಿ ಕೊಡಬೇಕೆಂದೂ, ಒಟ್ಟು ಕಟ್ಟಬೇಕಾದ ಮೊತ್ತ ಇದರಿಂದ ಎಷ್ಟು ಹೆಚ್ಚುತ್ತದೆಂದು ತಿಳಿಸಬೇಕೆಂದೂ ಕೋರುತ್ತೇನೆ.’

ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಸಹಿ-ಮೊಹರು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕೊನೆಯ ವಾಕ್ಯವನ್ನು ಬಿಡಬೇಡಿ. ಅವಧಿ ಉದ್ದವಾದಷ್ಟೂ ಬಡ್ಡಿ ಹೆಚ್ಚುತ್ತದೆ, ಅದನ್ನು ತಿಳಿದೇ ಒಪ್ಪಬೇಕು. ಮೈಕ್ರೋಫೈನಾನ್ಸ್ ಸಾಲದಲ್ಲಿ ತಡವಾದುದಕ್ಕೆ ದಂಡವನ್ನು ತಪ್ಪಿದ ಮೊತ್ತದ ಮೇಲೆ ಮಾತ್ರ ಹಾಕಬಹುದು, ಇಡೀ ಸಾಲದ ಮೇಲೆ ಹಾಕುವಂತಿಲ್ಲ. ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ.

ಉತ್ತರ ಬರುವವರೆಗೆ ಹಾಳೆಯಲ್ಲಿ ಬರೆದ ಮೊತ್ತವನ್ನು ಕಟ್ಟುತ್ತಲೇ ಇರಿ. ಅಷ್ಟರಲ್ಲಿ ಮನೆಗೆ ಬಂದವರು ಕಟ್ಟೆಯ ಮೇಲೆ ಕುಳಿತು, ‘ಅಕ್ಕಾರ, ಇವತ್ತು ಎಷ್ಟಾರ ಹಾಕ್ರಿ, ಇಲ್ಲಂದ್ರ ನಾನು ಆಫೀಸಿಗೆ ಏನ್ ಹೇಳ್ಲಿ?’ ಎಂದರೆ ಉತ್ತರ ಇಷ್ಟೇ ಇರಲಿ: ‘ಅಣ್ಣಾ, ಈ ಹಾಳಿ ನೋಡ್ರಿ. ತಿಂಗಳಿಗೆ ಹದಿನಾಕನೂರು ನಮ್ಮ ಕೈಲೆ ಆಗ್ತದ. ಜಾಸ್ತಿ ಹೇಳಿ ಸುಳ್ಳ ಆಗೂದು ಬ್ಯಾಡ. ಮ್ಯಾನೇಜರಿಗೆ ತೋರಸ್ರಿ, ರಸೀದಿ ಕೊಡ್ರಿ.’ ಏರಿದ ದನಿಗೆ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಬೇಕು. ಮೊದಲು ಹೇಳಿದ 1,400 ಒತ್ತಡಕ್ಕೆ ಸಿಕ್ಕಿ 2,000 ಆದರೆ ಹಾಳೆ ಸುಳ್ಳೆಂದು ನೀವೇ ಒಪ್ಪಿದಂತಾಗುತ್ತದೆ.

ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, ವಸೂಲಿಗಾರರ ಸ್ವಂತ ಫೋನ್‌ಪೇ ನಂಬರಿಗೆ ಹಾಕಬೇಡಿ. ಖಾಲಿ ಚೆಕ್ಕು, ಖಾಲಿ ಬಾಂಡ್ ಕಾಗದಕ್ಕೆ ಸಹಿ ಮಾಡಬೇಡಿ, ಎಟಿಎಂ ಕಾರ್ಡು, ರೇಷನ್ ಕಾರ್ಡುಗಳನ್ನು ಒತ್ತೆ ಕೊಡಬೇಡಿ. ‘ಹಳೆಯದನ್ನು ಮುಗಿಸಿ ದೊಡ್ಡ ಸಾಲ ಮಾಡಿಕೊಡುತ್ತೇವೆ’ ಎಂಬ ಮಾತು ಬಂದಾಗ ಹೊಸ ಕಂತು ನಿಮ್ಮ 4,000ದೊಳಗೆ ಬರುತ್ತದೆಯೇ ಎಂದು ಮಾತ್ರ ನೋಡಿ. ಬಾರದಿದ್ದರೆ ಅದು ಪರಿಹಾರವಲ್ಲ.

ಸಮಯ, ಸ್ಥಳ ಮತ್ತು ದೂರು

ಮೈಕ್ರೋಫೈನಾನ್ಸ್ ಸಾಲದ ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವುದನ್ನೂ, ಬಿಡದೆ ಮೇಲಿಂದ ಮೇಲೆ ಕರೆ ಮಾಡುವುದನ್ನೂ ರಿಸರ್ವ್ ಬ್ಯಾಂಕ್ ಕಿರುಕುಳವೆಂದೇ ಪರಿಗಣಿಸಿದೆ. ಇತರ ಸಾಲಗಳಿಗೆ ಈ ಮಿತಿ ಬೆಳಿಗ್ಗೆ 8ರಿಂದ ಸಂಜೆ 7. ವಸೂಲಿ ಇಬ್ಬರೂ ಒಪ್ಪಿದ ನಿಗದಿತ ಸ್ಥಳದಲ್ಲಿ ನಡೆಯಬೇಕು, ಸಾಲಗಾರರು ಸತತವಾಗಿ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಹಣವಿಲ್ಲವೆಂದು ಸಭೆಗೆ ಹೋಗದೆ ಉಳಿಯಬಾರದೆಂಬುದಕ್ಕೆ ಇದೇ ಕಾರಣ: 1,400 ರೂಪಾಯಿ ಮತ್ತು ಹಾಳೆಯೊಂದಿಗೆ ಹೋಗಿ ಕುಳಿತವರ ಮನೆಗೆ ಅವರು ಬರುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೆ ಕಾಟ, ಹೆಸರು ಬಹಿರಂಗಪಡಿಸುವುದು ಇವೆಲ್ಲ ನಿಷಿದ್ಧ.

ದೂರನ್ನು ಮೊದಲು ಸಂಸ್ಥೆಗೇ ಲಿಖಿತವಾಗಿ ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಜೀವಬೆದರಿಕೆ, ಹಲ್ಲೆ ನಡೆದರೆ 30 ದಿನ ಕಾಯದೆ 112ಕ್ಕೆ ಕರೆ ಮಾಡಿ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗಿನ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶ ಮಾಡಲಾಯಿತು. ಆಗ ಸಾಲವೇ ಮನ್ನಾ ಆಯಿತೆಂಬ ಸುದ್ದಿ ಹಳ್ಳಿಗಳಲ್ಲಿ ಹಬ್ಬಿತ್ತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲ ಅದರಿಂದ ಮನ್ನಾ ಆಗಿಲ್ಲ.

ಪಾತ್ರೆ ಪಗಡೆ ಎತ್ತಿಕೊಂಡು ಹೋಗುತ್ತೇವೆಂಬ ಬೆದರಿಕೆಗೆ ಹೆದರಬೇಕಾಗಿಲ್ಲ. ನ್ಯಾಯಾಲಯದ ಡಿಕ್ರಿ (ಸಾಲ ತೀರಿಸಬೇಕೆಂಬ ತೀರ್ಪಿನ ಆದೇಶ) ಇದ್ದಾಗಲೂ ಅಡುಗೆ ಪಾತ್ರೆ, ಹಾಸಿಗೆ-ಹೊದಿಕೆ, ಉಡುವ ಬಟ್ಟೆ, ಧಾರ್ಮಿಕ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಲಾಗದ ತಾಳಿಯಂಥ ಆಭರಣ, ಕುಶಲಕರ್ಮಿಯ ಸಲಕರಣೆ, ರೈತನ ಬೇಸಾಯದ ಉಪಕರಣ ಇವನ್ನು ಜಪ್ತಿ ಮಾಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಕೋರ್ಟಿನ ನೋಟಿಸ್ ಬಂದರೆ ಅದನ್ನು ಮೂಲೆಗೆಸೆಯದೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಯ್ಯಿರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ಖರ್ಚಿನ ಹಾಳೆ ಲೋಕ ಅದಾಲತ್‌ನಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಒಂದೇ ಸಲಕ್ಕೆ ಇಷ್ಟು ಕೊಟ್ಟು ಮುಗಿಸಿ ಎಂಬ ಪ್ರಸ್ತಾಪ ಬಂದರೆ, ಆ ಮೊತ್ತದಿಂದ ಸಾಲ ಪೂರ್ತಿ ತೀರಿತೆಂದು ಬರೆದ ಪತ್ರ ಕೈಗೆ ಬರುವ ಮೊದಲು ಹಣ ಕೊಡಬಾರದು. ಹೀಗೆ ಮುಗಿಸಿದ ಸಾಲ ವರದಿಯಲ್ಲಿ ಪೂರ್ತಿ ತೀರಿದ್ದೆಂದು ಕಾಣದೆ ರಾಜಿಯಾದದ್ದೆಂದು ಕಾಣುತ್ತದೆ, ಮುಂದೆ ಸಾಲ ಬೇಕಾದಾಗ ಇದು ಅಡ್ಡಿಯಾಗಬಹುದು. ಮಾಮೂಲಿ ಕಂತಿನಲ್ಲೇ ತೀರಿಸಿದರೂ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆದು, ಎರಡು-ಮೂರು ತಿಂಗಳ ನಂತರ ಸಾಲದ ವರದಿಯನ್ನು ತೆಗೆಸಿ, ಆ ಖಾತೆ ಮುಚ್ಚಿದೆಯೆಂದು ಬಂದಿದೆಯೇ ನೋಡಿಕೊಳ್ಳಿ. ಒಂದು ಸಾಲ ತೀರಿದ ತಿಂಗಳಿನಿಂದ ಅದಕ್ಕೆ ಹೋಗುತ್ತಿದ್ದ ಹಣವನ್ನು ಉಳಿದಿಬ್ಬರಿಗೆ ಅದೇ ಪ್ರಮಾಣದಲ್ಲಿ ಹಂಚಿ ಹೊಸ ಹಾಳೆ ಬರೆಯಿರಿ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡುವುದಿಲ್ಲವೆಂದು ತಿಳಿದ ವರ್ಷ ಏಪ್ರಿಲ್-ಮೇ ಆದಾಯದ ಸಾಲುಗಳನ್ನು ತಿದ್ದಿ, ಕಂತು ತಪ್ಪುವುದಕ್ಕೆ ಮೊದಲೇ ಶಾಖೆಗೆ ಒಯ್ದು ಕೊಡಿ.